ಜನರಲ್ ಅಡ್ಡಬೀಳುತ್ತಿದ್ದ ಮನೆ

ಐರಾವತಿಯ ದಡದಲ್ಲಿರುವ ನಮ್ಮ ಲೆಪಾನ್ ಊರಿನಲ್ಲಿ ಡಾಂಬರು ಕಂಡ ರಸ್ತೆ ಒಂದೇ ಒಂದು. ಅದು ದೋಣಿಗಟ್ಟೆಯಿಂದ ಹೊರಟು, ಸಂತೆ ದಾಟಿ, ವಿಹಾರದ ಗೋಡೆಯನ್ನು ಬಳಸಿಕೊಂಡು ಬಂದು, ದೋ ಓನ್ ತಿನ್ ಎಂಬ ನಿವೃತ್ತ ಶಿಕ್ಷಕಿಯ ಬಿದಿರು ಬೇಲಿಯ ಮುಂದೆ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಮೊದಲಿದ್ದ ಕೆಸರೇ. ಆಚೆಮನೆಯ ಮ ಪು, ಬೆಳಗ್ಗೆ ಹೊತ್ತು ಮೀನಿನ ಸಾರು ಹಾಕಿದ ಶಾವಿಗೆ ಮಾರುವವಳು, ಹೊಸಬರು ಯಾರೇ ಬಂದರೂ ಆ ಡಾಂಬರಿನ ಅಂಚನ್ನು ಚಪ್ಪಲಿಕಾಲಿನಿಂದ ತೋರಿಸಿ, "ದೇಶ ಇಲ್ಲಿಗೆ ಮುಗೀತು. ಇಲ್ಲಿಂದ ಮುಂದೆ ನಾನು," ಎನ್ನುತ್ತಿದ್ದಳು.

ರಸ್ತೆ ಅಲ್ಲಿಗೇ ನಿಂತ ಕಾರಣ ಊರಿಗೆಲ್ಲ ಗೊತ್ತು. ದೇಶ ಆಳುತ್ತಿದ್ದ ಜನರಲ್ ಝೆಯಾ ತೌಂಗ್ ಬರುತ್ತಿದ್ದುದು ಅಲ್ಲಿಯವರೆಗೆ ಮಾತ್ರ. ಭಿಕ್ಷುಗಳ ಮಳೆಗಾಲದ ವ್ರತವಾದ ವರ್ಷಾವಾಸ ಮುಗಿಯುವ ದೀಪದ ಹುಣ್ಣಿಮೆಗೆ ಚಿಕ್ಕವರು ಹಿರಿಯರ ಮನೆಗೆ ಹೋಗಿ ಅಡ್ಡಬೀಳುವುದು ನಮ್ಮಲ್ಲಿಯ ಪದ್ಧತಿ. ಅದು ಬರೀ ನಮಸ್ಕಾರವಲ್ಲ. ಹಣ್ಣು, ಬಟ್ಟೆ, ಮೇಣದ ಬತ್ತಿ ಮುಂದಿಟ್ಟು, "ಮೈಯಿಂದ, ಮಾತಿನಿಂದ, ಮನಸ್ಸಿನಿಂದ ನಿಮಗೆ ಮಾಡಿದ ತಪ್ಪನ್ನೆಲ್ಲ ಮನ್ನಿಸಿ" ಎಂದು ಹಣೆಯನ್ನು ಚಾಪೆಗೆ ಮುಟ್ಟಿಸಬೇಕು. ಹಿರಿಯರು "ಮನ್ನಿಸಿದೆ" ಎಂದು ಹರಸುವ ತನಕ ತಲೆ ಎತ್ತುವಂತಿಲ್ಲ. ಬುದ್ಧ, ಧಮ್ಮ, ಸಂಘ, ಹೆತ್ತವರು, ಗುರು, ಈ ಐವರ ಮುಂದೆ ದೇಶ ಆಳುವವನೂ ಒಂದೇ, ದೋಣಿ ಹಾಯಿಸುವವನೂ ಒಂದೇ. ಜನರಲ್‌ಗೆ ಹೆತ್ತವರು ಉಳಿದಿರಲಿಲ್ಲ. ಉಳಿದಿದ್ದ ಹಿರಿಯ ಜೀವವೆಂದರೆ ಮೂರನೆಯ ತರಗತಿಯಲ್ಲಿ ಅವನ ಕೈಹಿಡಿದು ಅಕ್ಷರ ತಿದ್ದಿಸಿದ ಸಯಾಮಾ ಒಬ್ಬರೇ. ಹೆಣ್ಣು ಮೇಷ್ಟರನ್ನು ನಾವು ಕರೆಯುವುದು ಹಾಗೆ. ಕೊನೆಕೊನೆಗೆ ಲೆಪಾನ್‌ನಲ್ಲಿ ಸಯಾಮಾ ಎಂದರೆ ಅವರೊಬ್ಬರೇ ಎನ್ನುವಂತಾಗಿತ್ತು.

ಹುಣ್ಣಿಮೆ ಹತ್ತಿರವಾದಂತೆ ಸೈನಿಕರು ಬಂದು ರಸ್ತೆ ಗುಡಿಸುತ್ತಿದ್ದರು, ನಾಯಿಗಳನ್ನು ಅಟ್ಟುತ್ತಿದ್ದರು, ಬೇಲಿಯಾಚೆಯ ಬೂರುಗದ ಮರ ಹತ್ತಿ ಯಾರೂ ಅಡಗಿಲ್ಲ ತಾನೇ ಎಂದು ನೋಡುತ್ತಿದ್ದರು. ಊರ ಆಡಳಿತದ ಅಧ್ಯಕ್ಷ ಉ ಬೋ ಹಾನ್ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಜನರಲ್ ಮಾತ್ರ ಬೂಟು ಕಳಚಿ, ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಬಂದು, ಅಡ್ಡಬಿದ್ದು, ಎರಡು ಚಿಟಿಕೆ ಚಹಾಸೊಪ್ಪಿನ ಉಪ್ಪಿನಕಾಯಿ ಬಾಯಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತಿತ್ತು. ಎಂಥ ವಿನಯವಂತ ನಾಯಕ ಎಂದು ಓದಿದವರೆಲ್ಲ ಹೇಳುತ್ತಿದ್ದರು.

ಅವನಿಗೆ ಹೆತ್ತವರು ಇಟ್ಟ ಹೆಸರು ಪೋ ತೌಂಗ್. ದೋಣಿ ಹಾಯಿಸುವವನ ಮಗ. ಪೋ ಎನ್ನುವುದು ಹಳ್ಳಿಗಾಡಿನ ಹೆಸರು, ದೊಡ್ಡ ಪಟ್ಟಕ್ಕೆ ಹೊಂದುವುದಿಲ್ಲವೆಂದು ಯಾರೋ ಜೋಯಿಸರು ಹೇಳಿದ ಮೇಲೆ ಅದನ್ನು ಕಿತ್ತು ಝೆಯಾ ಎಂದು ಅಂಟಿಸಿಕೊಂಡಿದ್ದ. ಝೆಯಾ ಎಂದರೆ ಜಯ. ಊರೆಲ್ಲ ಬಾಯಿತುಂಬ ಆ ಹೊಸ ಹೆಸರು ಹೇಳಿದರೂ ಸಯಾಮಾಗೆ ಅವನು ಪೋ ತೌಂಗ್ ಆಗಿಯೇ ಉಳಿದ.

ಸಯಾಮಾ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದಾಗ ಅವರಿಗಿನ್ನೂ ಹುಡುಗಿ ಪ್ರಾಯ. ಸೀರೆಗಿಂತ ಬಿಗಿಯಾಗಿ ಉಡುವ ಲುಂಗಿ, ಕೆನ್ನೆಗೆ ಗಂಧ, ಕೈಯಲ್ಲಿ ಬೆತ್ತ. ಆ ವರ್ಷವೇ ಪೋ ತೌಂಗ್ ಉಪ್ಪಿನ ವ್ಯಾಪಾರಿಯ ಮಗನ ಸ್ಲೇಟು ಒಡೆದ. ಒಡೆದದ್ದನ್ನು ತರಗತಿಯೇ ನೋಡಿತ್ತು.

"ತಪ್ಪಾಯ್ತು ಅನ್ನು, ಬಿಟ್ಬಿಡ್ತೀನಿ," ಎಂದರು ಸಯಾಮಾ.

ಹುಡುಗ ಅಂಗೈ ಚಾಚಿದ. ಏಟು ಬಿತ್ತು. "ಈಗಾದ್ರೂ ಅನ್ನು." ಇನ್ನೊಂದು ಅಂಗೈ ಚಾಚಿದ. ಗಂಟೆ ಬಾರಿಸುವವರೆಗೂ ಹೀಗೇ ನಡೆಯಿತು. ಅಳಲೂ ಇಲ್ಲ, ಆ ಒಂದು ಮಾತು ಬಾಯಿಂದ ಉದುರಲೂ ಇಲ್ಲ. ಅಂದು ಮನೆಗೆ ಹೋಗಿ ಅತ್ತವರು ಸಯಾಮಾ.

ಅದಾದ ಸ್ವಲ್ಪ ದಿನಕ್ಕೇ ದೀಪದ ಹುಣ್ಣಿಮೆ ಬಂತು. ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಪೋ ತೌಂಗ್, ಕೈಯಲ್ಲಿ ಒಂದು ಜೋಡಿ ಬಾಳೆಹಣ್ಣು. ಒಳಗೆ ಬಂದು ಮಂಡಿಯೂರಿ, ಎಲ್ಲರೂ ಹೇಳುವುದನ್ನೇ ಗಡಗಡ ಹೇಳಿ ಹಣೆ ಚಾಪೆಗಿಟ್ಟ. ಅಂತೂ ಕ್ಷಮೆ ಕೇಳಿದನಲ್ಲ ಎಂದು ಸಯಾಮಾ ಹಿಗ್ಗಿ, "ಮನ್ನಿಸಿದೆ ಮಗಾ" ಎಂದು ಹರಸಿ, ಹಣ್ಣನ್ನು ಅವನಿಗೇ ಸುಲಿದುಕೊಟ್ಟರು. ಸ್ಲೇಟು ಒಡೆದೆ ಎಂಬ ಒಂದು ತಪ್ಪನ್ನು ಹೆಸರಿಟ್ಟು ಹೇಳಲಾರದ ಹುಡುಗ, ಮೂರು ಲೋಕದ ತಪ್ಪನ್ನು ಒಂದೇ ಉಸಿರಿಗೆ ಒಪ್ಪಿಕೊಂಡಿದ್ದ. ಸಗಟಾಗಿ ಕೇಳುವುದು ಎಷ್ಟು ಸಲೀಸು ಎಂದು ಅವನು ಅಂದೇ ಕಲಿತನೋ ಏನೋ. ಕಲಿಸಿದ್ದು ತಾನೇ ಎಂಬುದು ಸಯಾಮಾಗೆ ಹೊಳೆದದ್ದು ತೀರ ತಡವಾಗಿ.

ಮೀಸೆ ಮೂಡುವ ಮೊದಲೇ ಅವನು ಸೈನ್ಯ ಸೇರಿದ. ಬೆಟ್ಟದ ಕಡೆಯ ಕಾಳಗಗಳಲ್ಲಿ ಹೆಸರು ಮಾಡಿದ. ಒಮ್ಮೆ ತೊಡೆಗೆ ಗುಂಡು ಬಿದ್ದು, ಕುಂಟುತ್ತ ಬಂದು ಅಡ್ಡಬಿದ್ದಾಗ ಸಯಾಮಾ ಅವನ ತಲೆಯ ಮೇಲೆ ಕೈಯಿಟ್ಟು ಬಿಕ್ಕಿದ್ದರು. ಅವನ ತಾಯಿ ತೀರಿಕೊಂಡಾಗ ಭಿಕ್ಷುಗಳಿಗೆ ಊಟಕ್ಕಿಟ್ಟವರು ಸಯಾಮಾ. ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದ, ಭುಜದ ಮೇಲಿನ ನಕ್ಷತ್ರ ಪ್ರತಿ ಸಲ ಹೆಚ್ಚುತ್ತಿತ್ತು. ಆಮೇಲೊಂದು ಬೆಳಗ್ಗೆ ರೇಡಿಯೋದಲ್ಲಿ ಬರೀ ಬ್ಯಾಂಡು ಬಾರಿಸಿ ಬಾರಿಸಿ, ಕೊನೆಗೆ ಒಬ್ಬರು ಮಾತಾಡಿದರು. ದೇಶ ಕೆಟ್ಟಿದೆ, ಸರಿಮಾಡುವ ತನಕ ಸ್ವಲ್ಪ ಕಾಲ ಸೈನ್ಯ ಆಳುತ್ತದೆ, ಜನ ಗಾಬರಿಯಾಗಬಾರದು ಎಂದರು.

ಸಯಾಮಾ ಒಲೆಯ ಮುಂದಿನಿಂದ ಎದ್ದು ಬಂದು ಕಿವಿಗೊಟ್ಟರು. "ಇದು ನಮ್ಮ ಪೋ ತೌಂಗ್ ಕಣೇ. ನೋಡು, ವಾಕ್ಯ ಮುಗಿದ್ರೂ ನಿಲ್ಸೋದಿಲ್ಲ, ಆವಾಗ್ಲೂ ಹೀಗೇ ಓದ್ತಿದ್ದ."

"ಇನ್ನು ನಿಲ್ಸೋರು ಯಾರಿದಾರೆ ಬಿಡಿ," ಎಂದಳು ಮ ಪು.

ಸ್ವಲ್ಪ ಕಾಲ ಎಂದದ್ದು ಎಳೆದು ಎಳೆದು ಒಂದು ತಲೆಮಾರಾಯಿತು. ಸಯಾಮಾ ಅದನ್ನು ಬಗೆದು ನೋಡಲಿಲ್ಲ. ಸುಳ್ಳೇಕೆ ಹೇಳಬೇಕು, ಅವರಿಗೆ ಹೆಮ್ಮೆಯಿತ್ತು. ತನ್ನ ಕೈಯಲ್ಲಿ ತಿದ್ದಿದವನು ದೇಶ ತಿದ್ದುತ್ತಾನೆ ಎಂದು ನಂಬಿದ್ದರು. ಪತ್ರಿಕೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಆ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರವಿತ್ತು. ಮಗ ಲಿನ್ ಎಳೆಯ ಪ್ರಾಯದಲ್ಲಿ ಶ್ರಾಮಣೇರನಾದಾಗ ತೆಗೆಸಿದ್ದು. ನಮ್ಮಲ್ಲಿ ಪ್ರತಿ ಗಂಡುಹುಡುಗನೂ ಒಮ್ಮೆ ತಲೆ ಬೋಳಿಸಿ, ಭಿಕ್ಷುಗಳ ಕಾವಿ ಚೀವರ ಉಟ್ಟು, ಕೆಲವು ದಿನ ವಿಹಾರದಲ್ಲಿರಬೇಕು. ಉದುರಿದ ಕೂದಲನ್ನು ತಾಯಿ ಬಿಳಿ ಬಟ್ಟೆಯಲ್ಲಿ ಹಿಡಿಯುತ್ತಾಳೆ, ಮಗ ಚೀವರ ಉಟ್ಟ ಮೇಲೆ ಅವನಿಗೆ ತಾನೇ ಅಡ್ಡಬೀಳುತ್ತಾಳೆ. ದೊಡ್ಡವರು ಚಿಕ್ಕವರಿಗೆ ತಲೆಬಾಗುವುದು ಅದೊಂದೇ ಸಂದರ್ಭದಲ್ಲಿ. ಬೇರೆ ಹೊತ್ತಿನಲ್ಲಿ ಹಾಗೆ ಮಾಡಿದರೆ ಮಕ್ಕಳ ಆಯುಷ್ಯಕ್ಕೆ ಕೇಡು. ಅವತ್ತು ಸಯಾಮಾ ಹಣೆ ನೆಲಕ್ಕಿಟ್ಟಾಗ ಬೋಳುತಲೆಯ ಲಿನ್ ತುಟಿ ಕಚ್ಚಿಕೊಂಡು ಮೆಲ್ಲಗೆ, "ಬೇಗ ಏಳಮ್ಮ, ನಗು ತಡಿಯೋಕಾಗ್ತಿಲ್ಲ," ಎಂದಿದ್ದ. ಚಿತ್ರದಲ್ಲೂ ಆ ನಗು ತುಟಿಯಂಚಿಗೆ ಬಂದು ನಿಂತಿದೆ.

ಗಂಡ ಜ್ವರದಲ್ಲಿ ಬೇಗ ತೀರಿಹೋದ ಮೇಲೆ ಸಯಾಮಾ ಲಿನ್ ಮತ್ತು ಅವನ ತಂಗಿ ಯಿ ಮೋನ್, ಇಬ್ಬರನ್ನೂ ಮೇಷ್ಟರ ಸಂಬಳದಲ್ಲೇ ಸಾಕಿ ರಂಗೂನಿಗೆ ಓದಲು ಕಳಿಸಿದರು. ಜನರಲ್ ಬಂದಾಗ ಅವನಿಗೆ ಚಹಾ ತಂದಿಡುತ್ತಿದ್ದ ಮಕ್ಕಳು, ಕಾಲೇಜು ಸೇರಿದ ಮೇಲೆ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

"ಮನೆಗೆ ಬಂದೋರ ಮುಂದೆ ಮುಖ ತೋರಿಸ್ಬಾರ್ದೇನೋ?" ಎಂದು ಗದರಿದರೆ ಲಿನ್, "ಅವರು ನಿನ್ನ ಕಾಲಿಗೆ ಬೀಳೋ ಹೊತ್ತಲ್ಲೇ ಅಲ್ಲಿ ಜೈಲಲ್ಲಿ ಜನರ ಕಾಲು ಮುರೀತಿರ್ತಾರೆ ಅಮ್ಮ," ಎಂದ.

"ದೊಡ್ಡ ಮಾತಾಡ್ಬೇಡ, ನಿನ್ನ ವಯಸ್ಸಲ್ಲಿ ಅವನು ಗುಂಡಿಗೆ ಎದೆ ಕೊಟ್ಟಿದ್ದ."

ಈ ಮಾತನ್ನು ನಾಲಿಗೆ ಕಚ್ಚಿ ನುಂಗಿಬಿಡಬಾರದಿತ್ತೇ ಎಂದು ಆಮೇಲೆ ಸಯಾಮಾ ತಮ್ಮನ್ನೇ ಶಪಿಸಿಕೊಂಡರು. ಏಕೆಂದರೆ ಮುಂದಿನ ಮಳೆಗಾಲದಲ್ಲೇ ಲಿನ್ ಕೂಡ ಗುಂಡಿಗೆ ಎದೆ ಕೊಟ್ಟ. ರಂಗೂನಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಸೈನ್ಯ ಗುಂಡು ಹಾರಿಸಿತು. ಸತ್ತವರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಒಟ್ಟಿಗೇ ಸುಟ್ಟರು. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಯಿ ಮೋನ್‌ಳನ್ನು ಎಳೆದೊಯ್ದು ಜೈಲಿಗೆ ಹಾಕಿದರು. ಸುದ್ದಿ ತಂದವನು ಹಬೆದೋಣಿಯಲ್ಲಿ ಕೆಲಸ ಮಾಡುವವನು. ಅವನು ಹೇಳಿ ಮುಗಿಸುವ ತನಕ ಸಯಾಮಾ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ, "ಊಟ ಮಾಡ್ಕೊಂಡು ಹೋಗಪ್ಪ," ಎಂದರಂತೆ. ತಾನು ಏನು ಹೇಳುತ್ತಿದ್ದೇನೆಂಬ ಖಬರು ಅವರಿಗಿರಲಿಲ್ಲ.

ಹೆಣವಿಲ್ಲ, ಬೂದಿಯಿಲ್ಲ. ಭಿಕ್ಷುಗಳಿಗೆ ಊಟಕ್ಕಿಟ್ಟು ಲಿನ್ ಹೆಸರಿನಲ್ಲಿ ನೀರು ಬಿಟ್ಟದ್ದೇ ಮಣ್ಣು ಮಾಡಿದ ಲೆಕ್ಕ. ಮಗಳಾದರೂ ಉಳಿಯಲಿ ಎಂದು ಸಯಾಮಾ ರಂಗೂನಿಗೆ ಹೋದರು. ಜನರಲ್‌ನ ಬಂಗಲೆಯ ಕಾವಲಿನವನಿಗೆ, "ನಾನು ಅವನ ಸಯಾಮಾ ಅಂತ ಹೇಳಪ್ಪ," ಎಂದರು.

"ಈಚೆಗೆ ಇಲ್ಲಿಗೆ ಬರೋ ಅಜ್ಜಿಯರೆಲ್ಲ ಅವರ ಸಯಾಮಾನೇ," ಎಂದ ಕಾವಲಿನವನು. "ಆ ಕಡೆ ನೆರಳಲ್ಲಿ ಕೂತ್ಕೊ. ಬಿಸಿಲಿಗೆ ಬಿದ್ದುಗಿದ್ದೀಯ."

ಆ ನೆರಳಿನಲ್ಲಿ ಬೇರೆ ತಾಯಂದಿರೂ ಕೂತಿದ್ದರು. ಯಾರೂ ಯಾರಿಗೂ ಮುಖ ಕೊಡುತ್ತಿರಲಿಲ್ಲ. ಸಂಜೆಯಾದರೂ ಕರೆ ಬರಲಿಲ್ಲ. ಸಯಾಮಾ ಬಂದ ದಾರಿಗೆ ಸುಂಕವಿಲ್ಲವೆಂದು ಊರಿಗೆ ಮರಳಿದರು. ಮನೆಗೆ ಬಂದವರೇ ಗೋಡೆಯ ಮೇಲಿದ್ದ ಪತ್ರಿಕೆಯ ಚಿತ್ರವನ್ನು ಇಳಿಸಿ ಕಟ್ಟಿಗೆ ರಾಶಿಯ ಹಿಂದೆ ಇಟ್ಟರು. ಒಡೆಯಲು ಕೈ ಬರಲಿಲ್ಲ.

ಮಳೆ ಹಿಂದೆ ಸರಿಯಿತು, ದೀಪದ ಹುಣ್ಣಿಮೆ ಬಂತು. ಈ ಸಲ ಜನರಲ್ ಈ ಕಡೆ ತಲೆ ಹಾಕುವುದಿಲ್ಲ ಎಂದು ಊರು ಅಂದುಕೊಂಡಿತ್ತು. ಆದರೆ ಸೈನಿಕರು ಬಂದರು, ರಸ್ತೆ ಗುಡಿಸಿದರು. ಹಿಂದೆಯೇ ಉ ಬೋ ಹಾನ್ ಬಂದು, ಕೂರಲು ಹೇಳದಿದ್ದರೂ ಜಗಲಿಯ ತುದಿಯಲ್ಲಿ ಕೂತ.

"ಸಯಾಮಾ, ಅವರು ಎಂದಿನ ಹಾಗೆ ಬರ್ತಿದಾರೆ. ಈ ಸಲ ಟೆಲಿವಿಷನ್ನೋರೂ ಬರ್ತಾರೆ."

"ಬರ್ಲಿ. ಬಾಗಿಲು ಹಾಕಿರುತ್ತೆ."

"ಹಂಗನ್ಬೇಡಿ. ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಎಲ್ಲ ಸುಸೂತ್ರವಾಗಿ ನಡೆದ್ರೆ ಯಿ ಮೋನ್ ವಿಷಯ ನೋಡೋಣ ಅಂತ ಮೇಲಿನವರ ಮಾತು."

"ಸುಸೂತ್ರ ಅಂದ್ರೆ?"

ಅಧ್ಯಕ್ಷ ತನ್ನ ಟೋಪಿಯನ್ನು ತಿರುತಿರುಗಿಸಿದ. "ಅವರು ಅಡ್ಡಬೀಳ್ತಾರೆ. ನೀವು ಹರಸ್ಬೇಕು. ಪ್ರತಿ ವರ್ಷ ಹೇಳ್ತಿದ್ದದ್ದೇ, ಹೊಸದೇನೂ ಇಲ್ಲ."

ಬೇಲಿಯಾಚೆಯಿಂದ ಮ ಪು, "ಅಧ್ಯಕ್ಷರೇ, ನಿಮ್ಮ ಮಗನ್ನ ಕೊಂದು ನಾಳೆ ಬಾಳೆಗೊನೆ ತಂದ್ರೆ ನೀವೂ ಹೊಸದೇನಿಲ್ಲ ಅಂತೀರಾ?" ಎಂದಳು.

"ಮೆತ್ತಗೆ ಮಾತಾಡು ತಾಯಿ. ನನಗೂ ಹೆಂಡ್ತಿ ಮಕ್ಕಳಿದಾರೆ."

"ಇವರಿಗೂ ಇದ್ರು," ಎಂದಳು ಮ ಪು. ಅಧ್ಯಕ್ಷ ಎದ್ದು ಹೋದ.

ಸಯಾಮಾ ಆ ದಿನವೆಲ್ಲ ತೂಗಿ ತೂಗಿ ನೋಡಿದರು. ಹರಸಿದರೆ ಮಗಳು ಸಿಗುತ್ತಾಳೆ. ಹರಸದಿದ್ದರೆ ಮಗನಿಗೆ ಮೋಸ ಮಾಡಿದಂತಾಗುವುದಿಲ್ಲ, ಆದರೆ ಮಗಳು ಆ ಗೋಡೆಗಳ ಒಳಗೇ ಕೊಳೆಯುತ್ತಾಳೆ. ಸುಳ್ಳುಸುಳ್ಳೇ ಹೇಳಿದರಾಯಿತು ಎನ್ನಬಹುದು. ಬೇರೆ ಯಾರಾದರೂ ಹಾಗೆ ಮಾಡಿಯಾರು. ಆದರೆ ಹಿರಿಯರ ಬಾಯಿಂದ ಬಂದ ಆ ಮಾತು ಬಂದದ್ದೇ, ಅದನ್ನು ವಾಪಸು ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಹರಕೆಯ ಮಾತನ್ನು ಸುಳ್ಳಾಗಿ ಆಡಬಾರದು ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿಕೊಟ್ಟವರು ಅವರೇ.

ಹುಣ್ಣಿಮೆಯ ಬೆಳಗ್ಗೆ ಸಯಾಮಾ ಬಾಗಿಲು ತೆರೆದರು, ಚಾಪೆ ಹಾಸಿದರು. ಲಿನ್‌ನ ಚಿತ್ರವನ್ನು ಗೋಡೆಯಿಂದ ತೆಗೆದು ಒಳಕೋಣೆಯಲ್ಲಿಟ್ಟು ಬಾಗಿಲು ಮುಂದೆಮಾಡಿದರು. ಜನರಲ್ ಬಂದ. ಕೂದಲು ಪೂರ್ತಿ ನೆರೆತಿತ್ತು. ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ರೇಷ್ಮೆ ಲುಂಗಿ, ಹಾರ್ಲಿಕ್ಸ್ ಬಾಟಲಿ, ಬಾಳೆಗೊನೆ, ತೆಂಗಿನಕಾಯಿ ಎಲ್ಲವನ್ನೂ ಸಾಲಾಗಿ ಮುಂದಿಟ್ಟ. ಗುಂಡು ಬಿದ್ದ ಕಾಲನ್ನು ಕೈಯಿಂದ ಹಿಡಿದು ಮಡಿಸಿಕೊಂಡು ಮಂಡಿಯೂರಿದ. ದೀಪದ ಬೆಳಕು ಹೊತ್ತ ಕ್ಯಾಮೆರಾದವರು ಮೂಲೆಗಳಲ್ಲಿ ಕೂತರು.

"ಮೈಯಿಂದ, ಮಾತಿನಿಂದ, ಮನಸ್ಸಿನಿಂದ ನಿಮಗೆ ಮಾಡಿದ ತಪ್ಪನ್ನೆಲ್ಲ ಮನ್ನಿಸಿ, ಸಯಾಮಾ." ಗಡಗಡ ಹೇಳಿದ, ಹಣೆ ಚಾಪೆಗಿಟ್ಟ.

ಹರಕೆಯ ಮಾತಿಗೆ ಎಲ್ಲರೂ ಕಾದರು. ಅವನ ಕುತ್ತಿಗೆಯ ಹಿಂಭಾಗ ಸಯಾಮಾಗೆ ಕಾಣುತ್ತಿತ್ತು. ಅಲ್ಲೊಂದು ಹಳೆಯ ಕುರುವಿನ ಕಲೆ. ಮೂರನೆಯ ತರಗತಿಯಲ್ಲಿ ಆ ಕುರು ಒಡೆದಾಗ ಅರಿಶಿನ ಅರೆದು ಹಚ್ಚಿದವರು ತಾವೇ. ಆ ಕಲೆಯ ಮೇಲೆ ಕಣ್ಣಿಟ್ಟುಕೊಂಡೇ ಸಯಾಮಾ ತುಂಬ ಮೆಲ್ಲಗೆ ಕೇಳಿದರು.

"ಯಾವ ತಪ್ಪು, ಪೋ ತೌಂಗ್?"

ಹಣೆ ಮೇಲೇಳಲಿಲ್ಲ. "ಎಲ್ಲ, ಸಯಾಮಾ."

"ಎಲ್ಲ ಬೇಡ. ಒಂದು ಹೇಳು. ಒಂದೇ ಒಂದು. ಹೆಸರಿಟ್ಟು ಹೇಳು ಮಗಾ, ಮನಸಾರೆ ಮನ್ನಿಸ್ತೀನಿ."

ಕ್ಯಾಮೆರಾದವನು ಜೊತೆಗೆ ಬಂದಿದ್ದ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ನೆಲ ನೋಡಿದ. ಜನರಲ್‌ನ ಎರಡು ಅಂಗೈಗಳೂ ಚಾಪೆಯ ಮೇಲೆ ಅಗಲವಾಗಿ ಬಿಚ್ಚಿಕೊಂಡಿದ್ದವು. ಸ್ಲೇಟಿನ ದಿನದಂತೆಯೇ, ಬೇಕಾದರೆ ಹೊಡೆಯಿರಿ ಎನ್ನುವಂತೆ. ಬಾಯಿ ಮಾತ್ರ ಬಿಡಲಿಲ್ಲ. ಲಿನ್ ಎಂಬ ಎರಡಕ್ಷರದ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ಕೂಡ ಸಯಾಮಾಗೆ ಕೊನೆಗೂ ತಿಳಿಯಲಿಲ್ಲ. ಇವನನ್ನು ಅವತ್ತೇ ಹಾಗೆ ಸುಲಭಕ್ಕೆ ಬಿಡಬಾರದಿತ್ತು ಎಂದು ಆಗ ಅವರಿಗೆ ಅನ್ನಿಸಿತು. ಆದರೆ ಕಣ್ಣಮುಂದೆ ಬಂದದ್ದು ಯಿ ಮೋನ್. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ಅಮ್ಮನ ಲುಂಗಿಯ ಚುಂಗು ಹಿಡಿದು ಮಲಗುತ್ತಿದ್ದವಳು.

"ಮನ್ನಿಸಿದೆ," ಎಂದರು. ದನಿ ತಮ್ಮದಲ್ಲ ಅನ್ನಿಸಿತು. "ಅಪಾಯ ದೂರವಾಗಲಿ, ಆರೋಗ್ಯವಾಗಿರು, ಕೋರಿದ್ದು ಕೈಗೂಡಲಿ."

ಜನರಲ್ ತಲೆಯೆತ್ತಿದ. ಕಣ್ಣಂಚು ಒದ್ದೆಯಾಗಿತ್ತು. ಅದು ನಿಜವಾದ ಕಣ್ಣೀರೇ ಇರಬೇಕು, ಅವನು ಸಯಾಮಾರನ್ನು ಪ್ರೀತಿಸುತ್ತಿದ್ದುದು ಸುಳ್ಳಲ್ಲ. ಅದಕ್ಕೇ ಆ ಕಣ್ಣೀರು ನೋಡಲಾರದೆ ಸಯಾಮಾ ಮುಖ ತಿರುಗಿಸಿದರು. ಅವನು ಎಂದಿನಂತೆ ಎರಡು ಚಿಟಿಕೆ ಚಹಾಸೊಪ್ಪು ಬಾಯಿಗೆ ಹಾಕಿಕೊಂಡು ಹೋದ.

ಟೆಲಿವಿಷನ್‌ನಲ್ಲಿ ನಡುವಿನ ಮಾತುಗಳಿರಲಿಲ್ಲ. ಅವನು ಅಡ್ಡಬಿದ್ದ, ಅವರು ಮನ್ನಿಸಿದೆ ಎಂದರು, ಅಷ್ಟೆ. ಸತ್ತ ಹುಡುಗನ ತಾಯಿಯೇ ಮನ್ನಿಸಿದ ಮೇಲೆ ಉಳಿದವರದ್ದೇನು ಎಂದು ಸುದ್ದಿ ಓದುವವಳು ನಗುನಗುತ್ತ ಕೇಳಿದಳು.

ಉ ಬೋ ಹಾನ್ ಸುಳ್ಳಾಡಿರಲಿಲ್ಲ. ಹೆಚ್ಚು ದಿನವಾಗುವ ಮೊದಲೇ ಯಿ ಮೋನ್ ಹಬೆದೋಣಿಯಿಂದ ಇಳಿದಳು. ಕತ್ತು ಕಡ್ಡಿಯಾಗಿತ್ತು, ಒಂದು ಕಿವಿ ಕೇಳುತ್ತಿರಲಿಲ್ಲ. ಸಯಾಮಾ ಗಟ್ಟೆಯಲ್ಲೇ ತಬ್ಬಿಕೊಂಡರು. ಮಗಳು ತಬ್ಬಿಸಿಕೊಂಡಳು, ತಾನು ತಬ್ಬಲಿಲ್ಲ. ದೂರದಿಂದ ಬಂದ ಮಕ್ಕಳು ಮನೆಯ ಹೊಸ್ತಿಲು ದಾಟಿದೊಡನೆ ತಾಯಿಗೆ ಅಡ್ಡಬೀಳಬೇಕು. ಚಾಪೆ ಹಾಸಿಯೇ ಇತ್ತು. ಯಿ ಮೋನ್ ಅದನ್ನು ಬಳಸಿಕೊಂಡು ಅಡುಗೆಮನೆಗೆ ಹೋಗಿ ನೀರು ಕುಡಿದಳು.

ದಣಿದಿದ್ದಾಳೆ ಎಂದು ಸಯಾಮಾ ಮೊದಲು ಸಮಾಧಾನ ತಂದುಕೊಂಡರು. ಕೆಲವು ದಿನವಾದರೂ ಅವಳು ಅಡ್ಡಬೀಳಲಿಲ್ಲ. ಮ ಪುಗೆ ತಡೆಯಲಾಗಲಿಲ್ಲ.

"ಏನೇ ಹುಡುಗಿ, ಜೈಲಲ್ಲಿ ಬೆನ್ನು ಮುರಿದ್ರಾ? ಹೆತ್ತವಳಿಗೆ ಒಂದ್ಸಲ ಬಗ್ಗೋಕಾಗಲ್ವಾ?"

ಯಿ ಮೋನ್ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಅಡ್ಡಬಿದ್ರೆ ಅಮ್ಮ ಮನ್ನಿಸಿದೆ ಅಂತಾಳೆ ಅಕ್ಕ. ಆ ಮಾತು ಅವಳ ಬಾಯಿಂದ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ."

ಸಯಾಮಾ ಒಳಗಿನಿಂದ ಬಂದು ನಿಂತರು. "ನಿನಗೋಸ್ಕರ ಅಲ್ವೇನೆ ಅಂದಿದ್ದು?"

"ಜೈಲಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ತೋರಿಸಿದ್ರು ಅಮ್ಮ. ನನ್ನ ಪಕ್ಕದಲ್ಲಿದ್ದೋಳ ಇಬ್ಬರು ತಮ್ಮಂದಿರೂ ಅಣ್ಣನ ಜೊತೆಗೇ ಸತ್ತಿದ್ರು. ಅವಳ ಅಮ್ಮ ಯಾವ ಜನರಲ್‌ಗೂ ಪಾಠ ಹೇಳಿಲ್ಲ. ಅವಳು ನನ್ನ ಕಡೆ ಒಂದ್ಸಲ ನೋಡಿದ್ಲು. ಬೈದಿದ್ರೆ ಚೆನ್ನಾಗಿತ್ತು."

"ನೀನು ಅಲ್ಲೇ ಸಾಯ್ತಿದ್ದೆ."

"ಸಾಯ್ತಿದ್ದೆ." ಮಗಳು ತಲೆಯೆತ್ತಿದಳು. "ನನ್ನ ಪರವಾಗಿ ಏನು ಬೇಕಾದ್ರೂ ಕೊಡು, ನೀನು ಅಮ್ಮ. ಅಣ್ಣನ ಪರವಾಗಿ ಮನ್ನಿಸೋಕೆ ಅಣ್ಣನ್ನ ಕೇಳಿದ್ಯಾ?"

ಮಗಳದ್ದು ತಪ್ಪೆನ್ನಲು ಸಯಾಮಾಗೆ ಬಾಯಿ ಬರಲಿಲ್ಲ, ತನ್ನದು ತಪ್ಪೆನ್ನಲು ಎದೆ ಒಪ್ಪಲಿಲ್ಲ. ಈ ಕತೆ ಹೇಳುವ ನನಗೂ ಯಾರ ಕಡೆ ನಿಲ್ಲಬೇಕೋ ತಿಳಿಯದು. ಇಬ್ಬರನ್ನೂ ಒಂದೇ ಚಾಪೆಯ ಎರಡು ಅಂಚಿಗೆ ಸರಿಸಿ ಹೋದವನು ಮಾತ್ರ ರಂಗೂನಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದ, ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ತಾಯಿ ಮಗಳು ಒಂದೇ ಸೂರಿನಡಿ ಬದುಕಿದರು. ಯಿ ಮೋನ್ ನೆಯ್ಗೆ ಕಲಿತಳು. ಅಮ್ಮನಿಗೆ ಮೊಣಕಾಲು ಹಿಡಿದಾಗ ಎಣ್ಣೆ ತಿಕ್ಕುತ್ತಿದ್ದಳು, ಇಷ್ಟದ ಹುಳಿಸೊಪ್ಪಿನ ಸಾರು ಮಾಡುತ್ತಿದ್ದಳು. ಬೇಕಾದ್ದೆಲ್ಲ ಮಾಡುತ್ತಿದ್ದಳು, ಅಡ್ಡಬೀಳುವುದೊಂದನ್ನು ಬಿಟ್ಟು. ಸಯಾಮಾ ಪ್ರತಿ ಬೆಳಗ್ಗೆ ಆ ಚಾಪೆಯನ್ನು ಕೊಡವಿ ಹಾಸುತ್ತಿದ್ದರು, ಸಂಜೆ ಸುತ್ತಿಡುತ್ತಿದ್ದರು.

ಮತ್ತೆ ದೀಪದ ಹುಣ್ಣಿಮೆ ಬಂತು. ಈ ಸಲ ಏನು ಹೇಳಬೇಕೆಂದು ಸಯಾಮಾ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ತಪ್ಪನ್ನು ಹೆಸರಿಡದೆ ತಲೆ ಎತ್ತಗೊಡುವುದಿಲ್ಲ, ಏನಾದರಾಗಲಿ, ಮಗಳೆದುರಿಗೇ ಕೇಳುತ್ತೇನೆ ಎಂದುಕೊಂಡಿದ್ದರು. ಆದರೆ ರಸ್ತೆ ಗುಡಿಸಲು ಯಾರೂ ಬರಲಿಲ್ಲ. ಮಧ್ಯಾಹ್ನ ಒಬ್ಬ ಎಳೆಯ ಅಧಿಕಾರಿ ಬೂಟು ಕಳಚದೆ ಮೆಟ್ಟಿಲ ಕೆಳಗೇ ನಿಂತು ಒಂದು ಗಂಟು ಇಟ್ಟ. ರೇಷ್ಮೆ ಲುಂಗಿ, ಹಾರ್ಲಿಕ್ಸ್ ಬಾಟಲಿ. ಜನರಲ್‌ಗೆ ತುಂಬ ಕೆಲಸವಂತೆ, ಅಲ್ಲಿಂದಲೇ ನಮಸ್ಕಾರ ತಿಳಿಸಿದ್ದಾರಂತೆ.

"ಮುಂದಿನ ವರ್ಷ ಬರ್ತಾನಾ?" ಎಂದರು ಸಯಾಮಾ.

"ಗೊತ್ತಿಲ್ಲ ಅಜ್ಜಿ," ಎಂದ ಅಧಿಕಾರಿ.

ಅವನು ಮತ್ತೆ ಬರಲೇ ಇಲ್ಲ. ಅವನಿಗೆ ಬೇಕಾದದ್ದು ಸಿಕ್ಕಿಹೋಗಿತ್ತು. ಸಿಕ್ಕಿದ್ದನ್ನು ಕಿತ್ತುಕೊಳ್ಳುವ ದಾರಿ ಸಯಾಮಾಗಿರಲಿಲ್ಲ. ಅವರು ಆ ಗಂಟನ್ನು ಮುಟ್ಟದೆ ಒಳಗೆ ಹೋದರು.

ಸಂಜೆ ಊರೆಲ್ಲ ದೀಪ ಹಚ್ಚಿದರು. ಯಿ ಮೋನ್ ಹಿತ್ತಿಲಲ್ಲಿ ಅನ್ನ ಬಸಿಯುತ್ತಿದ್ದಳು. ಸಯಾಮಾ ಒಳಕೋಣೆಯಿಂದ ಲಿನ್‌ನ ಚಿತ್ರವನ್ನು ತಂದರು. ಸತ್ತ ಮಗನಾದರೂ ಮಗನೇ, ತಾಯಿ ಅವನಿಗೆ ತಲೆಬಾಗುವಂತಿಲ್ಲ. ಆದರೆ ಈ ಚಿತ್ರದಲ್ಲಿ ಅವನು ಚೀವರ ಉಟ್ಟಿದ್ದ. ಅದನ್ನು ಎತ್ತರದ ಪೀಠದ ಮೇಲಿಟ್ಟರು, ಒಂದು ಮೇಣದ ಬತ್ತಿ ಹಚ್ಚಿದರು, ಒಂದು ಜೋಡಿ ಬಾಳೆಹಣ್ಣು ಇಟ್ಟರು. ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿದರು.

ಅವರು ಸಗಟಾಗಿ ಕೇಳಲಿಲ್ಲ. "ಲಿನ್, ನಿನ್ನನ್ನ ಕೊಂದವನನ್ನ ನಿನ್ನ ಕೇಳದೆ ಮನ್ನಿಸಿಬಿಟ್ಟೆ. ನಿನ್ನ ತಂಗಿ ಬೇಕಾಗಿದ್ಲು, ಅದಕ್ಕೆ ನಿನ್ನನ್ನ ಕೊಟ್ಟುಬಿಟ್ಟೆ. ಅವನನ್ನ ಚಿಕ್ಕವನಿದ್ದಾಗ ತಿದ್ದಲಿಲ್ಲ, ಅದೂ ನನ್ನದೇ. ಅವನು ಗುಂಡಿಗೆ ಎದೆ ಕೊಟ್ಟೋನು ಅಂತ ನಿನಗೇ ಹೇಳ್ದೆ, ಅದೂ ನನ್ನದೇ. ಇದನ್ನ ಮನ್ನಿಸಪ್ಪ." ಹಣೆ ಚಾಪೆಗಿಟ್ಟರು.

ಮನ್ನಿಸಿದೆ ಎನ್ನುವ ತನಕ ತಲೆ ಎತ್ತುವಂತಿಲ್ಲ. ಅನ್ನುವವನು ಬೂದಿಯಾಗಿ ಎಲ್ಲಿ ಬಿದ್ದಿದ್ದಾನೋ ಯಾರಿಗೂ ಗೊತ್ತಿಲ್ಲ. ಸಯಾಮಾ ಹಾಗೇ ಇದ್ದರು. ಮೇಣ ಕರಗಿ ಪೀಠದ ಮೇಲೆ ಹರಿಯಿತು. ಹೊರಗೆ ಮಕ್ಕಳು ಪಟಾಕಿ ಹೊಡೆದು ಓಡಿದರು. ಅನ್ನದ ಪಾತ್ರೆ ಹಿಡಿದ ಯಿ ಮೋನ್ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಅಣ್ಣನ ಪರವಾಗಿ ಆ ಒಂದು ಮಾತು ಹೇಳಬಲ್ಲವರು ಈ ಲೋಕದಲ್ಲಿ ಉಳಿದಿದ್ದರೆ ಅವಳೊಬ್ಬಳೇ. 'ಅಣ್ಣನ್ನ ಕೇಳಿದ್ಯಾ' ಎಂದು ಕೇಳಿದವಳೂ ಅವಳೇ. ಅವಳ ತುಟಿ ಅಲುಗಿತು, ಮಾತು ಬರಲಿಲ್ಲ.

ಪಾತ್ರೆಯನ್ನು ಕೆಳಗಿಟ್ಟು ಬಂದು, ಅಮ್ಮನ ಬಾಗಿದ ಬೆನ್ನಿನ ಮೇಲೆ ಕೈಯಿಟ್ಟಳು.

"ಏಳಮ್ಮ," ಎಂದಳು. "ಅನ್ನ ಆರ್ತಿದೆ."

ಸಯಾಮಾ ಏಳಲಿಲ್ಲ.